42 ಸಾವಿರದ ಎಂ.ಡೆಸ್ ಕೋಚಿಂಗ್: ಪೆನ್ಸಿಲ್ಲಿಗೆ ಕೊಟ್ಟ ದುಡ್ಡು ವಸೂಲು, ಸಲಹೆಗೆ ಕೊಟ್ಟದ್ದು ದಂಡ

ಎಂ.ಡೆಸ್ ಅಂದರೆ ಡಿಸೈನ್‌ನಲ್ಲಿ ಮಾಡುವ ಪಿಜಿ. ಅದರ ಪ್ರವೇಶ ಪರೀಕ್ಷೆಗೆ ತಯಾರಿ ಮಾಡಿಸಿ, ಯಾವ ಕಾಲೇಜಿಗೆ ಸೇರಬೇಕು ಅಂತ ಸಲಹೆಯನ್ನೂ ಕೊಡುವ ಒಂದು ಆನ್‌ಲೈನ್ ಪ್ಯಾಕೇಜನ್ನು ಕಳೆದ ವರ್ಷ ತೆಗೆದುಕೊಂಡಿದ್ದೆ. 42 ಸಾವಿರ ರೂಪಾಯಿ, ಎರಡು ಕಂತಿನಲ್ಲಿ. ಸಂಸ್ಥೆ ಹೈದರಾಬಾದಿನದು. ಹೆಸರು ಹಾಕುವುದಿಲ್ಲ. ಇದೇ ಅಚ್ಚಿನ ಪ್ಯಾಕೇಜುಗಳು ಪುಣೆಯಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ಅದರಲ್ಲಿ ಯಾವುದು ದುಡ್ಡಿಗೆ ತಕ್ಕದ್ದು, ಯಾವುದು ಸುಮ್ನೆ ಲೆಕ್ಕ ತುಂಬಿಸಲು ಇಟ್ಟದ್ದು ಅಂತ ಬರೆಯುತ್ತೇನೆ. ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ: ನನಗೆ ಐಐಟಿ ಹೈದರಾಬಾದಿನಲ್ಲಿ ಸೀಟು ಸಿಕ್ಕಿದೆ. ಆದರೆ ಆ ಕಾಲೇಜಿನ ಹೆಸರು ಈ ಪ್ಯಾಕೇಜಿನವರ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ನಾನು ಕಲಬುರಗಿಯವಳು. ಬಿವಿಎ, ಅಂದರೆ ಚಿತ್ರಕಲೆಯ ಡಿಗ್ರಿ, ಮಾಡಿದ್ದೂ ಇಲ್ಲೇ. ಆಮೇಲೆ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಸೈನರ್ ಕೆಲಸ. ಕೋರೆಲ್ ಡ್ರಾ, ಫೋಟೋಶಾಪ್, ಕನ್ನಡಕ್ಕೆ ನುಡಿ, ಉರ್ದುಗೆ ಇನ್‌ಪೇಜ್. ಮದುವೆ ಕಾರ್ಡು, ಬಿಲ್ ಬುಕ್ಕು, ಶರಣಬಸವೇಶ್ವರ ಜಾತ್ರೆ ಬಂದರೆ ಬ್ಯಾನರು, ಬಂದೇ ನವಾಜ್ ಉರುಸ್ ಬಂದರೆ ಮತ್ತೆ ಬ್ಯಾನರು. ವರ್ಷವಿಡೀ ಲೀಡರುಗಳ ಹುಟ್ಟುಹಬ್ಬದ ಫ್ಲೆಕ್ಸ್ ಇದ್ದೇ ಇರುತ್ತದೆ. ಕೆಲಸ ಬೇಸರ ಅಂತಲ್ಲ. ಬಣ್ಣ ಹೇಗೆ ಕೂರುತ್ತದೆ, ಎಷ್ಟು ಜಿಎಸ್ಎಂ (ಅಂದರೆ ಎಷ್ಟು ದಪ್ಪದ) ಕಾಗದ ಮಡಚಿದರೆ ಬಿರುಕು ಬಿಡುತ್ತದೆ, ಎಲ್ಲ ಕೈಗೆ ಹತ್ತಿದೆ. ಆದರೆ ಏನು ಮಾಡಬೇಕು ಅಂತ ತೀರ್ಮಾನ ಆದ ಮೇಲೆ ಬರುವ ಕೆಲಸ ಇದು. ಗಿರಾಕಿ ಬಂದು ಹಿಂದೆ ನಿಂತು 'ಸಾಹೇಬ್ರ ಫೋಟೊ ಇನ್ನಷ್ಟು ದೊಡ್ಡದ್ ಮಾಡ್ರಿ' ಅನ್ನುತ್ತಾನೆ, ನಾವು ಮೌಸ್ ಎಳೆಯುತ್ತೇವೆ. ತೀರ್ಮಾನ ಮಾಡುವ ಜಾಗದಲ್ಲಿ ಕೂರಬೇಕು ಅನ್ನುವ ಆಸೆ ನನ್ನದು. ಸಂಬಳದ ಮಾತೂ ಇದೆ. ತಿಂಗಳಿಗೆ 16 ಸಾವಿರ ಆಗಿ ಅಲ್ಲೇ ನಿಂತಿತ್ತು.

ವಿಷಯ ಹೇಳಿದಾಗ ನಮ್ಮ ಮಾಲೀಕರು ಕೇಳಿದ್ದು ಒಂದೇ ಮಾತು: 'ಇಂಥಾ ಕಾರ್ಡ್ ಹೊಡಿಲಾಕ ಇನ್ನೊಂದು ಡಿಗ್ರಿ ಯಾಕ ಬೇಕವ್ವಾ?' ಅವರು ಕೇಳಿದ್ದು ಸರಿಯಾಗಿಯೇ ಇದೆ. ಪ್ರೆಸ್ಸಿನ ಕೆಲಸಕ್ಕೆ ಎಂ.ಡೆಸ್ ಬೇಕಿಲ್ಲ. ಆ್ಯಪ್, ವೆಬ್‌ಸೈಟ್ ಮಾಡುವ ಕಂಪನಿಗಳಿಗೂ ಎಷ್ಟೋ ಜನ ಡಿಗ್ರಿ ಇಲ್ಲದೆ, ಕೆಲಸದ ನಮೂನೆ ತೋರಿಸಿಯೇ ಸೇರುತ್ತಾರೆ. ಗೂಗಲ್‌ನವರ ಯುಎಕ್ಸ್ (ಬಳಸುವವರಿಗೆ ಸುಲಭ ಆಗುವಂತೆ ಆ್ಯಪ್, ವೆಬ್‌ಸೈಟ್ ರೂಪಿಸುವುದು) ಸರ್ಟಿಫಿಕೇಟ್ ಕೋರ್ಸ್ 2021ರಿಂದ ಕೋರ್ಸೆರಾ ಅನ್ನುವ ಆನ್‌ಲೈನ್ ತಾಣದಲ್ಲಿ ಇದೆ, ಮನೆಯಲ್ಲೇ ಕೂತು ಕೆಲವು ತಿಂಗಳಲ್ಲಿ ಮುಗಿಸಬಹುದು. ಪರದೆ ಮೇಲಿನ ಡಿಸೈನ್ ಕಲಿತು ಬೇಗ ಕೆಲಸ ಹಿಡಿಯಬೇಕು ಅನ್ನುವವರು ಮೊದಲು ಅದನ್ನು ನೋಡಲಿ. ನನಗೆ ಎರಡು ವರ್ಷ ಕೂತು ಕಲಿಯುವ ಜಾಗ ಬೇಕಿತ್ತು, ನನ್ನ ಕೆಲಸವನ್ನು ತಿದ್ದುವ ಜನ ಬೇಕಿತ್ತು, ಕ್ಯಾಂಪಸ್ಸಿಗೆ ಬರುವ ಕಂಪನಿಗಳ ಎದುರು ನಿಲ್ಲುವ ಅವಕಾಶವೂ ಬೇಕಿತ್ತು. ಹಾಗಾಗಿ ಎಂ.ಡೆಸ್.

ಈಗ ಪ್ಯಾಕೇಜಿಗೆ ಬರೋಣ. ಇದರಲ್ಲಿ ರೆಕಾರ್ಡ್ ಮಾಡಿದ ವಿಡಿಯೊಗಳು, ಲೈವ್ ಡ್ರಾಯಿಂಗ್ ಕ್ಲಾಸು, ಪೋರ್ಟ್‌ಫೋಲಿಯೊ (ನಾವು ಮಾಡಿದ ಕೆಲಸಗಳ ಸಂಗ್ರಹ) ಮತ್ತು ಪರೀಕ್ಷೆ ಆದ ಮೇಲೆ ಕಾಲೇಜಿನವರು ಮಾಡುವ ಸಂದರ್ಶನದ ತಯಾರಿ, ಕೊನೆಗೆ ಕಾಲೇಜು ಆಯ್ಕೆಯ ಕೌನ್ಸೆಲಿಂಗ್ ಇತ್ತು.

ವಿಡಿಯೊಗಳಿಂದ ಶುರು ಮಾಡುತ್ತೇನೆ, ಯಾಕಂದರೆ ಅದರ ಬಗ್ಗೆ ಹೇಳುವುದು ಕಮ್ಮಿ. ಅವು ಸೀಡ್ ಪರೀಕ್ಷೆಯ ಎ ಭಾಗಕ್ಕೆ. ಡಿಸೈನ್ ಪಿಜಿಗೆ ಐಐಟಿ ಬಾಂಬೆ ನಡೆಸುವ ಪ್ರವೇಶ ಪರೀಕ್ಷೆಯೇ ಸೀಡ್. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಇರುತ್ತದೆ. ಎ ಭಾಗ ಒಂದು ಗಂಟೆ, ಕಂಪ್ಯೂಟರಿನಲ್ಲಿ: ಆಕಾರಗಳನ್ನು ತಲೆಯಲ್ಲೇ ತಿರುಗಿಸಿ ನೋಡುವುದು, ತರ್ಕ, ಸುತ್ತಮುತ್ತಲಿನದನ್ನು ಎಷ್ಟು ಗಮನಿಸಿದ್ದೀರಿ ಅನ್ನುವುದು. ಬಿ ಭಾಗ ಎರಡು ಗಂಟೆ, ಹಾಳೆಯ ಮೇಲೆ ಕೈಯಲ್ಲಿ ಚಿತ್ರ ಬಿಡಿಸಿ ಬರೆಯುವುದು. ಎ ಭಾಗದಲ್ಲಿ ಕಟ್‌ಆಫ್ ದಾಟದಿದ್ದರೆ ಬಿ ಭಾಗವನ್ನು ತಿದ್ದುವುದೇ ಇಲ್ಲ. ದಾಟಿದ ಮೇಲೆ ಅಂತಿಮ ಅಂಕದಲ್ಲಿ ಎ ಭಾಗಕ್ಕೆ 25 ಪರ್ಸೆಂಟ್, ಬಿ ಭಾಗಕ್ಕೆ 75. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಕೋಚಿಂಗಿನವರು ಇದನ್ನು ತಲೆಕೆಳಗು ಮಾಡಿ ಮಾರುತ್ತಾರೆ. ನೂರಾರು ಗಂಟೆ ವಿಡಿಯೊ ಅಂತ ಜಾಹೀರಾತು, ಅದು ಪೂರ್ತಿ 25 ಪರ್ಸೆಂಟಿನ ಭಾಗಕ್ಕೆ! ಅದೇ ಹೊತ್ತಿಗೆ ಹಳೆಯ ಪ್ರಶ್ನೆಪತ್ರಿಕೆಗಳು ಸೀಡ್‌ನ ಸರ್ಕಾರಿ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ನಾನು ವಿಡಿಯೊಗಳನ್ನು ಅರ್ಧಕ್ಕೆ ಬಿಟ್ಟು ಆ ಪತ್ರಿಕೆಗಳನ್ನೇ ಗಡಿಯಾರ ಇಟ್ಟುಕೊಂಡು ಬಿಡಿಸಿದೆ. ಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಪ್ರಶ್ನೆ ಓದುವ ವೇಗವನ್ನು ಮೊದಲು ಹೆಚ್ಚಿಸಿಕೊಳ್ಳಿ, ಮಿಕ್ಕಿದ್ದು ಆಮೇಲೆ.

ಇನ್ನೊಂದು ಮಾತು. ಸೀಡ್ ಬರೆಯಲು ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಅಂಕ ಮಾತ್ರ ಒಂದು ವರ್ಷಕ್ಕಷ್ಟೇ ಚಾಲ್ತಿ. ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಅರ್ಜಿ ಶುಲ್ಕ ಅರ್ಧ. ನಾನು ಪರೀಕ್ಷೆ ಕೇಂದ್ರಕ್ಕೆ ಹೈದರಾಬಾದ್ ಆರಿಸಿಕೊಂಡೆ. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ.

ಡ್ರಾಯಿಂಗ್ ಕ್ಲಾಸಿನ ವಿಷಯ ಬೇರೆಯೇ. 42 ಸಾವಿರದಲ್ಲಿ ನಾನು ಸಂತೋಷದಿಂದ ಕೊಟ್ಟೆ ಅನ್ನಿಸಿದ ದುಡ್ಡು ಇದೊಂದೇ. ರಾತ್ರಿ ಎಂಟರ ಹೊತ್ತಿಗೆ, ಪ್ರೆಸ್ಸಿನ ಷಟರ್ ಇಳಿದ ಮೇಲೆ ಕ್ಲಾಸು. ಮೇಡಂ ಹೈದರಾಬಾದಿನವರು. ಇಂಗ್ಲಿಷಿನಲ್ಲಿ ಶುರು ಮಾಡಿ ಐದು ನಿಮಿಷಕ್ಕೆ ದಖನಿಗೆ ಜಾರುತ್ತಿದ್ದರು. ದಿಲ್ಲಿ ಕಡೆಯ ಹುಡುಗರಿಗೆ ಅದು ಕಷ್ಟ ಆಗುತ್ತಿತ್ತು, ನನಗೆ ಮನೆಯ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಅವರು ಮಾಡುತ್ತಿದ್ದ ಒಳ್ಳೆಯ ಕೆಲಸ ಅಂದರೆ ನಾವು ಕಳಿಸಿದ ಹಾಳೆಯ ಫೋಟೊದ ಮೇಲೆ ಕೆಂಪು ಗೆರೆಯಲ್ಲಿ ತಿದ್ದಿ, ಜೊತೆಗೆ ಒಂದು ವಾಯ್ಸ್ ನೋಟ್ ಹಾಕಿ ಮಾರನೇ ದಿನವೇ ವಾಪಸ್ ಕಳಿಸುತ್ತಿದ್ದರು. 'ಚೆನ್ನಾಗಿದೆ' ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದು ಕಡಿಮೆ.

ನನ್ನ ಹಾಳೆ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: 'ನಿನ್ನ ಚಿತ್ರದಲ್ಲಿ ಎಲ್ಲರೂ ಯಾಕೆ ಕ್ಯಾಮೆರಾ ನೋಡುತ್ತಾ ನಿಂತಿದ್ದಾರೆ?' ಸಂತೆಯ ಚಿತ್ರ ಅದು. ನೋಡಿದರೆ ನಿಜ. ತರಕಾರಿ ಮಾರುವವಳು, ಕೊಳ್ಳುವವನು, ಹಿಂದೆ ಹೋಗುವ ಮುದುಕ, ಎಲ್ಲರೂ ಮುಖ ಮುಂದೆ ಮಾಡಿ ನೆಟ್ಟಗೆ ನಿಂತಿದ್ದರು. ಕೈ ಮುಗಿಯುವುದೊಂದು ಬಾಕಿ. ವರ್ಷಗಟ್ಟಲೆ ಶುಭಾಶಯದ ಫ್ಲೆಕ್ಸ್ ಮಾಡಿದರೆ ಕೈಗೆ ಬರುವುದು ಅದೇ ಅಲ್ವಾ. ಆಮೇಲೆ ಅವರು ಕೊಟ್ಟ ಹೋಮ್‌ವರ್ಕೆಲ್ಲ ಬೆನ್ನುಗಳು. ಬಸ್ ನಿಲ್ದಾಣದಲ್ಲಿ ಚೀಲದ ಮೇಲೆ ಕೂತ ಹೆಂಗಸರನ್ನು ಹಿಂದಿನಿಂದ. ಅಪ್ಪನ ಕೆರೆ ದಂಡೆಯಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುವವರನ್ನು ಪಕ್ಕದಿಂದ. ಪ್ರೆಸ್ಸಿನ ಮಹಡಿಯಿಂದ ಕೆಳಗೆ ಹಣ್ಣಿನ ಗಾಡಿಯನ್ನು ಮೇಲಿನಿಂದ. ಅದೇ ಗಾಡಿಯನ್ನು ನಾಲ್ಕು ವರ್ಷದ ಮಗುವಿನ ಎತ್ತರದಿಂದ. ಮಗುವಿಗೆ ಹಣ್ಣು ಕಾಣುವುದಿಲ್ಲ, ಗಾಲಿ ಕಾಣುತ್ತದೆ, ಗಾಡಿಯ ತಳಕ್ಕೆ ನೇತು ಹಾಕಿದ ನೀರಿನ ಬಾಟಲಿ ಕಾಣುತ್ತದೆ. ಬಿ ಭಾಗದಲ್ಲಿ ಬೇಕಾಗುವುದು ಇಂಥ ನೋಟ. ಶೇಡಿಂಗ್ ಮಾಡುವುದು ಬಿವಿಎ ಮಾಡಿದವರಿಗೆ ಮೊದಲೇ ಬರುತ್ತದೆ, ಅದಕ್ಕೆ ಕೋಚಿಂಗ್ ಬೇಕಿಲ್ಲ. ಎಂಜಿನಿಯರಿಂಗ್ ಮಾಡಿದವರಿಗೆ ಅದೂ ಬೇಕಾಗುತ್ತದೆ. ನಮ್ಮ ಬ್ಯಾಚಿನಲ್ಲಿ ಶಹಾಪುರದ ಒಬ್ಬ ಮೆಕ್ಯಾನಿಕಲ್ ಹುಡುಗ ಇದ್ದ. ಕುಕ್ಕರಿನ ಮುಚ್ಚಳವನ್ನು ಅಳತೆ ತಪ್ಪದೆ ಬರೆಯುತ್ತಿದ್ದ, ಅದನ್ನು ಹಿಡಿದ ಕೈ ಮಾತ್ರ ಇಕ್ಕಳದಂತೆ ಇರುತ್ತಿತ್ತು. ಜನವರಿಯ ಹೊತ್ತಿಗೆ ಅವನ ಕೈಗೂ ಬೆರಳು ಬಂದವು.

ಪೋರ್ಟ್‌ಫೋಲಿಯೊ ಭಾಗಕ್ಕೆ ಬೇರೆ ಒಬ್ಬ ಮೆಂಟರ್. ಇಲ್ಲಿ ನನಗೂ ಅವರಿಗೂ ಹೊಂದಲಿಲ್ಲ.

ನಾನು ತೋರಿಸಬೇಕು ಅಂದುಕೊಂಡಿದ್ದು ನಾನೇ ಮಾಡಿದ ಎರಡು ಲಿಪಿಯ ಆಮಂತ್ರಣ ಪತ್ರಿಕೆ. ಕಲಬುರಗಿಯಲ್ಲಿ ಕನ್ನಡ, ಉರ್ದು ಎರಡೂ ಇರುವ ಕಾರ್ಡು ಕೇಳುವವರು ಬಹಳ. ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ ಎಡಕ್ಕೆ ಕನ್ನಡ, ಬಲಕ್ಕೆ ಉರ್ದು, ನಡುವೆ ಒಂದು ಹೂವಿನ ಗೆರೆ. ನೋಡಿದ ಕೂಡಲೇ ಒಂದು ಲಿಪಿ ದೊಡ್ಡದು, ಒಂದು ಸಣ್ಣದು ಅನ್ನಿಸುತ್ತದೆ. ಕನ್ನಡಕ್ಕೆ ಒತ್ತಕ್ಷರ ಕೆಳಗೆ ಇಳಿಯುತ್ತವೆ, ಅದಕ್ಕೆ ಸಾಲಿನ ಕೆಳಗೆ ಜಾಗ ಬೇಕು. ಉರ್ದುವಿನ ನಸ್ತಾಲಿಕ್ ಬಲದ ಮೇಲಿನಿಂದ ಎಡದ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ, ಅದಕ್ಕೆ ಸಾಲಿನ ಎತ್ತರವೇ ಜಾಸ್ತಿ ಬೇಕು. ಎರಡಕ್ಕೂ ಒಂದೇ ಪಾಯಿಂಟ್ ಸೈಜ್ ಕೊಟ್ಟರೆ ಎರಡೂ ಕೆಡುತ್ತವೆ. ಮತ್ತೆ ಕನ್ನಡ ಓದುವವರು ಪುಸ್ತಕವನ್ನು ಒಂದು ಕಡೆಯಿಂದ ತೆರೆಯುತ್ತಾರೆ, ಉರ್ದು ಓದುವವರು ಇನ್ನೊಂದು ಕಡೆಯಿಂದ. ಹಾಗಿದ್ದರೆ ನಡುವೆ ಗೆರೆ ಯಾಕೆ? ಒಂದೇ ಕಾರ್ಡಿಗೆ ಎರಡು ಮುಖಪುಟ ಕೊಟ್ಟೆ. ಕನ್ನಡದವರಿಗೆ ಹಿಂಬದಿ ಆದದ್ದು ಉರ್ದುವಿನವರಿಗೆ ಮುಂಬದಿ. ಒಳಗೆ ಎರಡೂ ಕಡೆಯಿಂದ ಬಂದು ನಡುವಿನಲ್ಲಿ ಮಂಗಲ ಕಾರ್ಯಾಲಯದ ನಕ್ಷೆ ಒಂದೇ. ಮಾಲೀಕರಿಗೂ ಹಿಡಿಸಿತು, ಕಾಗದದ ಖರ್ಚು ಒಂದು ಪೈಸೆ ಜಾಸ್ತಿ ಆಗಲಿಲ್ಲ ಅಂತ.

ಮೆಂಟರ್ ನೋಡಿ, 'ಇದು ಪ್ರಿಂಟಿಂಗ್ ಕೆಲಸ. ಇದನ್ನು ತೆಗೆದು ಒಂದು ಆ್ಯಪ್ ರೀಡಿಸೈನ್ ಹಾಕಿ. ಫುಡ್ ಡೆಲಿವರಿ ಆ್ಯಪ್ ತಗೊಳ್ಳಿ, ಎಲ್ಲರಿಗೂ ಗೊತ್ತಿರುತ್ತದೆ' ಅಂದರು. ಎಲ್ಲರಿಗೂ ಗೊತ್ತಿರುತ್ತದೆ, ಹೌದು. ಬ್ಯಾಚಿನಲ್ಲಿ ಎಲ್ಲರ ಬಳಿಯೂ ಅದೇ ಇತ್ತು. ಅದೇ ಕಿತ್ತಳೆ ಬಣ್ಣ, ಅದೇ ಮೊಬೈಲ್ ಚೌಕಟ್ಟು, ಅದೇ ಗೋಡೆಗೆ ಅಂಟಿಸಿದ ಹಳದಿ ಚೀಟಿಗಳ ಫೋಟೊ. ಅವರು ಕೊಟ್ಟ ಟೆಂಪ್ಲೇಟಿನಲ್ಲೇ ಆ ಹಳದಿ ಚೀಟಿಗಳೂ ಇದ್ದವು ಅನ್ನುವುದು ಬೇರೆ ಮಾತು. ಸಂದರ್ಶನ ಮಾಡುವವರು ದಿನಕ್ಕೆ ಎಷ್ಟು ಇಂಥವನ್ನು ನೋಡಬೇಕು ಪಾಪ.

ನಾನು ಕಾರ್ಡು ತೆಗೆಯಲಿಲ್ಲ. ಮುಂದೆ ಸಂದರ್ಶನದಲ್ಲಿ ಹೆಚ್ಚಿನ ಪ್ರಶ್ನೆಗಳು ಅದರ ಮೇಲೆಯೇ ಬಂದವು. ಹೊಗಳಿದರು ಅಂತಲ್ಲ, ಚೆನ್ನಾಗಿ ಕೆದಕಿದರು. ಜನ ಅದನ್ನು ಕೈಗೆ ತಗೊಂಡಾಗ ಯಾವ ಕಡೆಯಿಂದ ತೆರೆದರು, ನೋಡಿದಿರಾ? ಎರಡೂ ಲಿಪಿ ಓದಲು ಬಾರದ ಅಜ್ಜಿ ಏನು ಮಾಡುತ್ತಾರೆ? ತೆಲುಗಿನ ಬೀಗರು ಬಂದರೆ? ಆ್ಯಪ್ ಹಾಕಿದ್ದರೆ ಇಂಥ ಪ್ರಶ್ನೆಗಳಿಗೆ ನನ್ನ ಬಳಿ ಏನಿರುತ್ತಿತ್ತು? ಕಲಬುರಗಿಯಲ್ಲಿ ರಾತ್ರಿ ಊಟ ತರಿಸಿಕೊಂಡ ಅನುಭವವೇ ನನಗೆ ಅಷ್ಟಾಗಿ ಇಲ್ಲ.

ಬೀದರ್, ಯಾದಗಿರಿ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬೀದರಿನಲ್ಲಿ ಹುಟ್ಟಿ ಬೆಳೆದವರ ಬಳಿ ಬಿದರಿ ಕೆಲಸದ ಬೀದಿಯೇ ಇದೆ. 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೊನೆಗೆ ಹಳೆಯ ಕೋಟೆಯ ಮಣ್ಣು ಹಚ್ಚಿ ಕಪ್ಪು ಬರಿಸುವುದನ್ನು ಕಣ್ಣೆದುರು ನೋಡಬಹುದು. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಅವರು ಅದೇ ಊರಿನ ಕುಶಲಕರ್ಮಿ. ಐಐಟಿ ಬಾಂಬೆಯ ಡಿಸೈನ್ ವಿಭಾಗದವರು ನಡೆಸುವ ಡಿಸೋರ್ಸ್ ಅನ್ನುವ ಪುಕ್ಕಟೆ ತಾಣದಲ್ಲಿ ದೇಶದ ಇಂಥ ಕರಕುಶಲಗಳ ದಾಖಲೆ ಇದೆ. ಒಂದು ಕೆಲಸವನ್ನು ಹಂತ ಹಂತವಾಗಿ ಹೇಗೆ ನೋಡಿ ಬರೆದಿಡಬೇಕು ಅಂತ ಅದನ್ನು ನೋಡಿ ಕಲಿಯಬಹುದು. ಮೆಂಟರಿಗಿಂತ ನನಗೆ ಅದು ಹೆಚ್ಚು ಕೆಲಸಕ್ಕೆ ಬಂತು.

ಈಗ ಕೌನ್ಸೆಲಿಂಗ್. ಅರ್ಧ ಗಂಟೆಯ ವಿಡಿಯೊ ಕಾಲ್. ಎದುರಿಗಿದ್ದವರು ಒಂದು ಎಕ್ಸೆಲ್ ಹಾಳೆ ತೆರೆದು ಎ ಪ್ಲಸ್, ಎ, ಬಿ ಅಂತ ಕಾಲೇಜುಗಳನ್ನು ಓದಿದರು. ಎ ಪ್ಲಸ್‌ನಲ್ಲಿ ಅಹಮದಾಬಾದಿನ ಎನ್‌ಐಡಿ (ಕೇಂದ್ರದ ಡಿಸೈನ್ ಸಂಸ್ಥೆ), ಮುಂಬೈ ಪೊವಾಯಿಯ ಐಡಿಸಿ (ಐಐಟಿ ಬಾಂಬೆಯ ಡಿಸೈನ್ ವಿಭಾಗ). ಅದನ್ನು ಹೇಳಲು ದುಡ್ಡು ಯಾಕೆ? 1961ರಲ್ಲಿ ಶುರುವಾದ ಎನ್‌ಐಡಿ, 1969ರಲ್ಲಿ ಐಐಟಿ ಬಾಂಬೆಯಲ್ಲಿ ಶುರುವಾದ ಐಡಿಸಿ ಒಳ್ಳೆಯವು ಅಂತ ಯಾರಿಗೆ ಗೊತ್ತಿಲ್ಲ? ನನ್ನ ಸಂಬಳ ಎಷ್ಟು, ಮನೆಗೆ ಎಷ್ಟು ಕೊಡುತ್ತೇನೆ, ಎಷ್ಟು ಸಾಲ ಎಳೆಯಬಲ್ಲೆ, ಮುಗಿಸಿ ಎಲ್ಲಿ ಕೆಲಸ ಮಾಡುವ ಆಸೆ, ಒಂದನ್ನೂ ಕೇಳಲಿಲ್ಲ. ನನ್ನ ಡಿಗ್ರಿ ಯಾವುದು ಅಂತಲೂ ಕೇಳಲಿಲ್ಲ. ಪಟ್ಟಿಯ ಕೊನೆಗೆ ಬಂದಾಗ ಮಾತ್ರ ಅವರ ದನಿಗೆ ಉತ್ಸಾಹ ಬಂತು. ಒಂದು ಖಾಸಗಿ ಕಾಲೇಜು, 'ಸೀಡ್ ಅಂಕ ಬೇಕಾಗಿಲ್ಲ, ಈಗಲೇ ಸೀಟು ಹಿಡಿದಿಡಬಹುದು.' ಮರುದಿನದಿಂದ ಆ ಕಾಲೇಜಿನ ಅಡ್ಮಿಷನ್ ಆಫೀಸಿನವರು ಮೇಲಿಂದ ಮೇಲೆ ಫೋನ್ ಮಾಡಿದರು. ನನ್ನ ನಂಬರ್ ಎಲ್ಲಿ ಸಿಕ್ಕಿತು ಅಂದರೆ 'ಸಿಸ್ಟಮ್‌ನಲ್ಲಿ ಇದೆ ಮೇಡಂ' ಅನ್ನುವ ಉತ್ತರ. ಖಾಸಗಿ ಕಾಲೇಜು ಅಂದ ಕೂಡಲೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಎರಡೂ ಕಡೆ ಒಂದೇ ಗಲ್ಲಾಪೆಟ್ಟಿಗೆ ಇರುವ ಹಾಗೆ ಕಂಡರೆ ಆ ಸಲಹೆಯನ್ನು ನಾನು ನಂಬುವುದಿಲ್ಲ.

ಆಯ್ಕೆ ನಾನೇ ಮಾಡಿಕೊಂಡೆ. ಹೇಗೆ ಅಂತ ಬರೆಯುತ್ತೇನೆ, ಇದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಮೊದಲು ಅಲ್ಲಿ ಓದಿ ಮುಗಿಸಿದವರು ಏನು ಮಾಡಿದ್ದಾರೆ ಅಂತ ನೋಡಿದೆ. ಕಟ್ಟಡದ ಫೋಟೊ, ರ‍್ಯಾಂಕಿಂಗ್, ಪ್ಯಾಕೇಜ್ ಎಷ್ಟು ಲಕ್ಷ, ಇವನ್ನೆಲ್ಲ ಪಕ್ಕಕ್ಕಿಟ್ಟೆ. ಐಡಿಸಿಯವರ ಡಿಗ್ರಿ ಶೋ ಅಂತ ಇದೆ, ಕೊನೆಯ ವರ್ಷದವರ ಪ್ರಾಜೆಕ್ಟುಗಳನ್ನು ಮನೆಯಲ್ಲೇ ಕೂತು ನೋಡಬಹುದು. ಬೇರೆ ಕಡೆಯವರ ಕೆಲಸವನ್ನು ಡಿಸೈನರ್‌ಗಳು ತಮ್ಮ ಕೆಲಸ ಹಾಕುವ ಬಿಹ್ಯಾನ್ಸ್ ತಾಣದಲ್ಲಿ ಕಾಲೇಜಿನ ಹೆಸರು ಹಾಕಿ ಹುಡುಕಿದೆ. ಭಾರತೀಯ ಲಿಪಿಗಳ ಮೇಲೆ ಯಾರಾದರೂ ಕೆಲಸ ಮಾಡಿದ್ದಾರಾ ಅನ್ನುವುದು ನನ್ನ ಪ್ರಶ್ನೆ. ನಿಮ್ಮ ಪ್ರಶ್ನೆ ಬೇರೆ ಇರಬಹುದು. ವಿಂಡೋಸ್‌ನಲ್ಲಿ ಬರುವ ತುಂಗಾ ಕನ್ನಡ ಫಾಂಟ್ ಹಿಂದೆ ಇದ್ದ ಆರ್.ಕೆ. ಜೋಶಿ ಅವರು ಐಡಿಸಿಯಲ್ಲಿ ಪಾಠ ಮಾಡಿದವರು ಅಂತ ನನಗೆ ತಿಳಿದದ್ದು ಹೀಗೆ ಹುಡುಕುವಾಗಲೇ. ದಿನಾ ಕಣ್ಣಿಗೆ ಬೀಳುವ ಅಕ್ಷರ, ಬರೆದವರು ಯಾರು ಅಂತ ಯೋಚಿಸಿಯೇ ಇರಲಿಲ್ಲ.

ಆಮೇಲೆ ಅರ್ಹತೆ. ಸೀಡ್ ಬರೆಯಲು ಮೂರು ವರ್ಷದ ಡಿಗ್ರಿ ಸಾಕು. ಸೀಟು ಕೊಡುವಾಗ ಮಾತ್ರ ಒಂದೊಂದು ಸಂಸ್ಥೆಯ ನಿಯಮ ಒಂದೊಂದು ಥರ. ಬೆಂಗಳೂರಿನ ಐಐಎಸ್‌ಸಿಯ ಎಂ.ಡೆಸ್ ಎಂಜಿನಿಯರಿಂಗ್, ಆರ್ಕಿಟೆಕ್ಚರ್, ಡಿಸೈನ್ ಓದಿದವರಿಗೆ. ಬಿಎ, ಬಿಕಾಂ ಮಾಡಿದವರು ಸೀಡ್‌ನಲ್ಲಿ ಎಷ್ಟು ಅಂಕ ತೆಗೆದರೂ ಅಲ್ಲಿ ನಡೆಯುವುದಿಲ್ಲ. ಶಹಾಪುರದ ಹುಡುಗನಿಗೆ ಮಾತ್ರ ಅದು ಹೇಳಿ ಮಾಡಿಸಿದ ಜಾಗ. ಎನ್‌ಐಡಿಗೆ ಸೀಡ್ ನಡೆಯುವುದಿಲ್ಲ, ಅವರದೇ ಡ್ಯಾಟ್ ಪರೀಕ್ಷೆ ಬರೆಯಬೇಕು. ಫ್ಯಾಷನ್ ಕಲಿಸುವ ನಿಫ್ಟ್‌ಗೂ ಬೇರೆ ಪರೀಕ್ಷೆ. ಎನ್‌ಐಡಿಯಲ್ಲಿ ಯಾವ ವಿಷಯ ಯಾವ ಕ್ಯಾಂಪಸ್ಸಿನಲ್ಲಿ ಅನ್ನುವುದನ್ನೂ ನೋಡಬೇಕು. ಗ್ರಾಫಿಕ್ ಡಿಸೈನ್, ಟೆಕ್ಸ್‌ಟೈಲ್, ಪ್ರಾಡಕ್ಟ್ ಇವೆಲ್ಲ ಅಹಮದಾಬಾದಿನಲ್ಲಿ. ಬೆಂಗಳೂರಿನ ತುಮಕೂರು ರಸ್ತೆಯ ಕ್ಯಾಂಪಸ್ಸಿನಲ್ಲಿ ಇಂಟರ‍್ಯಾಕ್ಷನ್, ಇನ್ಫರ್ಮೇಷನ್, ಯೂನಿವರ್ಸಲ್ ಡಿಸೈನ್, ಗೇಮ್, ರಿಟೇಲ್. ಬೆಂಗಳೂರು ಹತ್ತಿರ ಅಂತ ಗ್ರಾಫಿಕ್ಸ್ ಬೇಕಾದವರು ಅಲ್ಲಿಗೆ ಅರ್ಜಿ ಹಾಕಿ ಏನು ಮಾಡುವುದು? ಸೀಡ್ ಆದ ಮೇಲೆ ಪ್ರತಿ ಐಐಟಿಗೂ ಬೇರೆ ಬೇರೆ ಅರ್ಜಿ ಹಾಕಬೇಕು, ಎಲ್ಲಕ್ಕೂ ಸೇರಿ ಒಂದೇ ಕೌನ್ಸೆಲಿಂಗ್ ಇಲ್ಲ. ಕೊನೆಯ ದಿನಾಂಕಗಳನ್ನು ನೀವೇ ಬರೆದಿಟ್ಟುಕೊಳ್ಳಬೇಕು.

ನಮ್ಮ ಭಾಗದವರಿಗೆ ಇನ್ನೊಂದು ವಿಷಯ, ಇದನ್ನು ಕೋಚಿಂಗಿನವರು ಹೇಳುವುದು ಸಾಧ್ಯವೂ ಇಲ್ಲ. ಕಲ್ಯಾಣ ಕರ್ನಾಟಕದ ಮೀಸಲಾತಿಯ 371ಜೆ ಸರ್ಟಿಫಿಕೇಟ್ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ರಾಜ್ಯದ ಸೀಟುಗಳಿಗೆ ಅದು ದೊಡ್ಡ ಆಸರೆ ನಿಜ, ಐಐಟಿ, ಎನ್‌ಐಡಿ ಕೇಂದ್ರದ ಸಂಸ್ಥೆಗಳು, ಅಲ್ಲಿ ಅದು ಲೆಕ್ಕಕ್ಕಿಲ್ಲ. ಹಾಗೆಯೇ ರಾಜ್ಯದ 2ಎ, 3ಬಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಇಲ್ಲಿ ಇದ್ದ ಜಾತಿ ಅಲ್ಲಿ ಇಲ್ಲದೆ ಇರಬಹುದು. ಇದ್ದರೂ ಕೇಂದ್ರದ ನಮೂನೆಯಲ್ಲೇ ನಾನ್ ಕ್ರೀಮಿಲೇಯರ್ ಪ್ರಮಾಣಪತ್ರ ಬೇಕು. ಪಟ್ಟಿಯಲ್ಲಿ ಇಲ್ಲದವರಿಗೆ, ಆದಾಯ ಆಸ್ತಿಯ ಮಿತಿಯೊಳಗೆ ಇದ್ದರೆ, ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ದಾರಿ ಇದೆ. ತಹಶೀಲ್ದಾರ್ ಕಚೇರಿಯ ಕೆಲಸವನ್ನು ಫಲಿತಾಂಶ ಬರುವವರೆಗೆ ಕಾಯದೆ ಮೊದಲೇ ಮಾಡಿಸಿಟ್ಟುಕೊಳ್ಳಿ.

ದುಡ್ಡಿನ ಲೆಕ್ಕದಲ್ಲಿ ಫೀಸು ಒಂದನ್ನೇ ನೋಡಬೇಡಿ. 16 ಸಾವಿರದ ಕೆಲಸ ಬಿಟ್ಟು ಎರಡು ವರ್ಷ ಕೂತರೆ 3 ಲಕ್ಷ 84 ಸಾವಿರ ಮನೆಗೆ ಬರುವುದಿಲ್ಲ. ನಮ್ಮ ಅವ್ವ ಬೆರಳಿನಲ್ಲೇ ಎಣಿಸಿ ಹೇಳಿದ ಲೆಕ್ಕ ಅದು. 'ಫೀಸಿಗಿಂತ ಅದೇ ಜಾಸ್ತಿ ಅದಲ್ಲ' ಅಂದಳು. ಸೀಡ್ ಇಲ್ಲವೇ ಗೇಟ್‌ನಲ್ಲಿ (ಎಂಜಿನಿಯರಿಂಗ್ ಪಿಜಿಯ ಪ್ರವೇಶ ಪರೀಕ್ಷೆ) ಅರ್ಹರಾಗಿ, ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಒಪ್ಪಿದ ಸಂಸ್ಥೆಯಲ್ಲಿ ಎಂ.ಡೆಸ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಕಾಲರ್‌ಶಿಪ್ ಇದೆ. ಐಐಟಿಗಳಲ್ಲಿ ಪಾಠಕ್ಕೆ ನೆರವಾಗುವ ಅಸಿಸ್ಟೆಂಟ್‌ಶಿಪ್ ಇರುತ್ತದೆ, ಎಷ್ಟು ಸೀಟಿಗೆ ಅಂತ ಅರ್ಜಿ ಹಾಕುವ ಮುಂಚೆ ಕೇಳಿ. ಸಾಲ ಬೇಕಾದರೆ 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ನೋಡಿ. ಅದರ ಪಟ್ಟಿಯಲ್ಲಿರುವ ಸಂಸ್ಥೆಗೆ ಸೇರಿದರೆ ಜಾಮೀನಿಲ್ಲದೆ ಸಾಲ. ಮನೆಯ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ 3 ಪರ್ಸೆಂಟ್ ರಿಯಾಯಿತಿ.

ಇಷ್ಟೆಲ್ಲ ಸೋಸಿದ ಮೇಲೆ ನನ್ನ ಪಟ್ಟಿಯಲ್ಲಿ ಐಐಟಿ ಹೈದರಾಬಾದ್ ಮೇಲಕ್ಕೆ ಬಂತು. ವಿಷುಯಲ್ ಡಿಸೈನ್‌ನಲ್ಲಿ ಎಂ.ಡೆಸ್ ಇದೆ. ಹುಮನಾಬಾದ್, ಜಹೀರಾಬಾದ್ ಮೇಲೆ ಹೈದರಾಬಾದಿಗೆ ಹೋಗುವ ಬಸ್ಸಿನಲ್ಲಿ ಕೂತರೆ ಸಂಗಾರೆಡ್ಡಿ ದಾಟಿದ ಮೇಲೆ ಕಂದಿಯಲ್ಲಿ ಹೆದ್ದಾರಿಯ ಪಕ್ಕದಲ್ಲೇ ಕ್ಯಾಂಪಸ್ಸು. ಬೀದರಿನವರಿಗಂತೂ ಇನ್ನೂ ಹತ್ತಿರ. ಎಕ್ಸೆಲ್ ಹಾಳೆಯಲ್ಲಿ ಅದು ಇತ್ತೇನೋ, ಓದಿ ಹೇಳಲಿಲ್ಲ. ಮುಂಬೈ, ಬೆಂಗಳೂರು ಬೇಕು ಅನ್ನುವವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಒಂದೇ ಗಾಡಿ ಸಾಕು, ಎರಡೂ ಕಡೆಗೆ ಹೋಗುತ್ತದೆ.

ಸಂದರ್ಶನ ತಯಾರಿಯ ಕ್ಲಾಸುಗಳು ಪರವಾಗಿಲ್ಲ. ನೋಟ್ಸಿನಲ್ಲಿ 1919ರಲ್ಲಿ ಜರ್ಮನಿಯಲ್ಲಿ ಶುರುವಾದ ಡಿಸೈನ್ ಶಾಲೆ ಬೌಹೌಸ್‌ನಿಂದ ಹಿಡಿದು ಎಲ್ಲ ಇತ್ತು. 1958ರಲ್ಲಿ ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸುತ್ತಿ ಬರೆದ ವರದಿಯಲ್ಲಿ ನಮ್ಮ ಚರಗಿಯನ್ನು ಹೇಗೆ ಮೆಚ್ಚಿದ್ದಾರೆ ಅನ್ನುವ ಪಾಠ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಸೊಂಟದ ಮೇಲೆ ಇಟ್ಟರೆ ಹೇಗೆ ಕೂರುತ್ತದೆ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಬಗ್ಗಿಸಿದರೆ ನೀರು ಹೇಗೆ ಬೀಳುತ್ತದೆ ಅಂತ ಒಂದೊಂದೇ ಕೇಳಿಕೊಂಡು ಹೋಗುವ ಬಗೆ. ಆ ದಿನ ಅಡುಗೆಮನೆಯ ಅರ್ಧ ಪಾತ್ರೆ ನನ್ನ ಮೇಜಿನ ಮೇಲಿತ್ತು. ಆದರೆ ನಿಮ್ಮ ಊರಿನ ಒಬ್ಬ ಕಲಾವಿದರ ಬಗ್ಗೆ ಹೇಳಿ ಅಂತ ಕೇಳಿದರೆ ಆ ನೋಟ್ಸಿನಲ್ಲಿ ಏನೂ ಸಿಗುವುದಿಲ್ಲ. ನನ್ನನ್ನು ಕೇಳಿದರು. ನಾನು ಎಸ್.ಎಂ. ಪಂಡಿತರ ಬಗ್ಗೆ ಹೇಳಿದೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಪತ್ರಿಕೆಯ ಮುಖಪುಟ, ಕ್ಯಾಲೆಂಡರು ಮಾಡಿದವರು. ಅವರ ದೇವರ ಚಿತ್ರಗಳು ಕ್ಯಾಲೆಂಡರಾಗಿ ಮನೆ ಮನೆಯ ಗೋಡೆಗೆ ಹೋದವು. ಡಿಗ್ರಿ ಮುಗಿಸುವವರೆಗೂ ಅವರನ್ನು ನಾನು ಪೇಂಟರ್ ಅಂತಲೇ ಓದಿದ್ದೆ. ಮಾಡಿದ ಕೆಲಸದ ಬಹುಪಾಲು ನೋಡಿದರೆ ಪ್ರಿಂಟಿಗೆ ಹೋಗುವ ಕೆಲಸವೇ ಅಲ್ವಾ.

ಸೇವೆಯ ಬಗ್ಗೆ ಒಂದೆರಡು ಮಾತು. ಲೈವ್ ಕ್ಲಾಸು ತಪ್ಪಿದರೆ ರೆಕಾರ್ಡಿಂಗ್ ಸಿಗುತ್ತದೆ, ಅದು ಅನುಕೂಲ. ಮೇ ತಿಂಗಳ ಕಲಬುರಗಿಯಲ್ಲಿ ಕರೆಂಟು ಹೋದ ರಾತ್ರಿ ಟೆರೇಸ್ ಮೇಲೆ ಮೊಬೈಲಿನಲ್ಲೇ ನೋಡಬಹುದು. ಆ್ಯಪ್ ಹಳೆಯ ಫೋನುಗಳಲ್ಲಿ ನಿಧಾನ. ಕೌನ್ಸೆಲಿಂಗ್ ಆದ ಮೇಲೆ ಆ ಭಾಗದ ದುಡ್ಡು ವಾಪಸ್ ಕೇಳಿದೆ. ಪ್ಯಾಕೇಜನ್ನು ಒಡೆಯಲು ಬರುವುದಿಲ್ಲ ಅಂದರು. ಎರಡನೇ ಕಂತು ಕಟ್ಟಿ ಆಗಿದ್ದರಿಂದ ನನ್ನ ಕೈಯಲ್ಲಿ ಜಗಳ ಮಾಡುವ ಹಿಡಿತ ಇರಲಿಲ್ಲ. ಒಟ್ಟು ಐದಕ್ಕೆ ಮೂರು ಕೊಡುತ್ತೇನೆ, ಅದರಲ್ಲಿ ಎರಡೂವರೆ ಡ್ರಾಯಿಂಗ್ ಮೇಡಂಗೆ.

ಈಗ ಅವರೇ ಡ್ರಾಯಿಂಗ್ ಬ್ಯಾಚನ್ನು ಬೇರೆಯಾಗಿಯೂ ಮಾರುತ್ತಿದ್ದಾರೆ, 15 ಸಾವಿರಕ್ಕೆ. ಬೇರೆ ಸಂಸ್ಥೆಯವರನ್ನು ನೋಡುವುದಾದರೂ ಡೆಮೊ ಕ್ಲಾಸಿನಲ್ಲಿ ನಿಮ್ಮದೇ ಒಂದು ಹಾಳೆ ಕಳಿಸಿ, ತಿದ್ದಿ ವಾಪಸ್ ಕೊಡುತ್ತಾರಾ ನೋಡಿ. ಕೊಡದಿದ್ದರೆ ಅಲ್ಲಿಗೇ ಬಿಡಿ. ಸೀಡ್ ಅರ್ಜಿ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ತೆರೆಯುತ್ತದೆ, ಜೂನಿನಲ್ಲಿ ಪೆನ್ಸಿಲ್ ಹಿಡಿದರೆ ಕೆಲಸದ ಜೊತೆಗೂ ನಿಭಾಯಿಸಬಹುದು. ಪ್ರೆಸ್ಸಿನವರಾದರೆ ಒಂದು ಎಚ್ಚರ: ದೀಪಾವಳಿಯಿಂದ ಮುಂದೆ ಮದುವೆ ಸೀಸನ್, ಪರೀಕ್ಷೆಗೆ ಮುಂಚಿನ ಎರಡು ವಾರದ ರಜೆಯನ್ನು ಮಾಲೀಕರ ಬಳಿ ಈಗಲೇ ಮಾತಾಡಿಟ್ಟುಕೊಳ್ಳಿ.